ಎಡಗೈಗೆ ಒಂದು ಚಾಕು

ಮೊನ್ನೆ ಬಳ್ಳಾರಿಯ ಒಂದು ಆಸ್ಪತ್ರೆಗೆ ಪರಿಚಯದವರೊಬ್ಬರನ್ನು ನೋಡಲು ಹೋಗಿದ್ದೆ. ಈಗ ಗೇಟಿನಲ್ಲಿ ಮೈ ತಡವಿ ಒಳಗೆ ಬಿಡುತ್ತಾರೆ. ಕಾವಲಿನವನು ನನ್ನ ಪ್ಯಾಂಟಿನ ಜೇಬಿನ ಮೇಲೆ ಕೈಯಿಟ್ಟವನು ಹಾಗೆಯೇ ನಿಂತುಬಿಟ್ಟ.

"ಏನ್ರಿ ಇದು?"

"ಚಾಕು."

ಅವನು ನನ್ನ ದಪ್ಪ ಗಾಜಿನ ಕನ್ನಡಕವನ್ನೂ ನರೆತ ಮೀಸೆಯನ್ನೂ ಕೈಯಲ್ಲಿದ್ದ ಮೋಸಂಬಿಯ ಚೀಲವನ್ನೂ ಒಂದೊಂದಾಗಿ ನೋಡಿದ. "ನಿಮ್ಮಂಥೋರ ಜೇಬ್ನ್ಯಾಗ ಚಾಕು ಯಾಕ್ರಿ, ಯಜಮಾನ್ರ?" ಎಂದ. ಕೇಳಿದ್ದರಲ್ಲಿ ಗದರಿಕೆ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳುವ ಆಸೆ ಇತ್ತು. ಹಿಂದೆ ಸಾಲು ಬೆಳೆಯುತ್ತಿತ್ತು. "ಹಣ್ಣು ಹೆಚ್ಚಾಕ" ಎಂದು ಹೇಳಿ, ಚಾಕನ್ನು ಅವನ ಮೇಜಿನ ಮೇಲಿಟ್ಟು ಒಳಗೆ ಹೋದೆ. ಹೇಳಿದ್ದು ಸುಳ್ಳೇನಲ್ಲ. ಆದರೆ ಪೂರ್ತಿ ಉತ್ತರ ಹೇಳಬೇಕೆಂದರೆ ಆ ಸಾಲಿನಲ್ಲಿದ್ದವರೆಲ್ಲ ಒಂದು ಗಳಿಗೆ ಕೂತುಕೊಳ್ಳಬೇಕಾಗುತ್ತಿತ್ತು. ನಿಮಗೆ ಪುರುಸೊತ್ತಿದ್ದರೆ ಕೂತುಕೊಳ್ಳಿ.

ನಾನು ಚಾಕು ಇಟ್ಟುಕೊಂಡು ತಿರುಗುವ ಆಸಾಮಿಯಲ್ಲ. ರಾಯದುರ್ಗದ ನಮ್ಮ ಮನೆಯಲ್ಲಿ ಹರಿತವಾದದ್ದು ಅಂತ ಇದ್ದದ್ದು ಅವ್ವನ ಈಳಿಗೆಮಣೆ ಒಂದೇ. ಅದರ ಹತ್ತಿರ ನಮ್ಮನ್ನು ಸುಳಿಯಗೊಡುತ್ತಿರಲಿಲ್ಲ. ಶಾಲೆಗೆ ಹೋಗುವಾಗ ಪೆನ್ಸಿಲ್ ಹೆರೆಯಲು, ಅಪ್ಪ ಗಡ್ಡ ಹೆರೆದು ಬಿಸಾಕಿದ ಬ್ಲೇಡನ್ನು ಅರ್ಧಕ್ಕೆ ಮುರಿದು, ಒಂದು ಅಂಚಿಗೆ ರಟ್ಟು ಸುತ್ತಿ ಕೊಡುತ್ತಿದ್ದರು. ನಾನು ಅದರಿಂದ ಪೆನ್ಸಿಲ್ಲಿಗಿಂತ ಹೆಚ್ಚಾಗಿ ಬೆರಳು ಹೆರೆದುಕೊಂಡೆ. ರಜೆಯಲ್ಲಿ ಗುಡ್ಡ ಹತ್ತಿ ಸೀತಾಫಲ ತಿನ್ನುತ್ತಿದ್ದೆವು. ದೇವರು ಆ ಹಣ್ಣನ್ನು ಚಾಕು ಇಲ್ಲದ ಹುಡುಗರಿಗಾಗಿಯೇ ಮಾಡಿದ್ದಾನೆ, ಎರಡು ಹೆಬ್ಬೆರಳು ಒತ್ತಿದರೆ ಸಾಕು. ದೊಡ್ಡವನಾದ ಮೇಲೆ ಜೀನ್ಸ್ ಹೊಲಿಯುವ ಒಂದು ಯೂನಿಟ್ಟಿನಲ್ಲಿ ಗುಮಾಸ್ತನಾದೆ. ಅಲ್ಲಿ ಗಟ್ಟಿ ಬಟ್ಟೆಯ ದೊಡ್ಡ ಅಟ್ಟಿಯನ್ನು ಬೆಣ್ಣೆಯ ಹಾಗೆ ಕೊಯ್ಯುವ ಮಿಷನ್ನು ಇದೆ. ನಾನು ಅದರಿಂದ ಮಾರು ದೂರ ಕೂತು ಹಾಜರಿ ಬರೆಯುತ್ತೇನೆ. ಹೀಗೆ ಅಲಗಿಗೂ ನನಗೂ ಯಾವ ಬಾಂಧವ್ಯವೂ ಇಲ್ಲದೆ ಅರ್ಧ ಆಯುಷ್ಯ ಕಳೆದಿತ್ತು.

ಚಾಕು ಇಟ್ಟುಕೊಳ್ಳುತ್ತಿದ್ದವರು ನನ್ನ ಹೆಂಡತಿ ಸುಶೀಲಳ ಅಣ್ಣ, ರಂಗಪ್ಪ. ಮಡಕಶಿರಾ ಕಡೆಯವರು. ರತ್ನಗಿರಿಯ ಕೋಟೆ ಗುಡ್ಡ ಅವರ ಹೊಲದಿಂದ ಕಾಣುತ್ತದೆ. ಕಡಲೆಕಾಯಿ, ರಾಗಿ, ಒಂದಿಷ್ಟು ಹಿಪ್ಪುನೇರಳೆ. ಮಗ ಸೊಸೆ ರೇಷ್ಮೆ ಹುಳು ನೋಡಿಕೊಳ್ಳುತ್ತಾರೆ. ನಾನು ಅವರನ್ನು ಭಾವ ಅನ್ನುತ್ತೇನೆ, ಅವರೂ ನನ್ನನ್ನು ಭಾವ ಅನ್ನುತ್ತಾರೆ. ಇಬ್ಬರೂ ಭಾವಂದಿರಾದ್ದರಿಂದ ಯಾರು ಯಾರಿಗೆ ತಗ್ಗಿ ನಡೆಯಬೇಕು ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ಹೀಗಾಗಿ ಮದುವೆಯಾದ ಹೊಸದರಲ್ಲಿ ಇಬ್ಬರೂ ಬಹಳ ಬಿಗುಮಾನದಿಂದ ಕೂತಿರುತ್ತಿದ್ದೆವು. ಆ ಬಿಗುಮಾನ ಸಡಿಲಿಸಿದ್ದೇ ಅವರ ಚಾಕು. ಮರದ ಹಿಡಿ ಸವೆದು ಅವರ ಅಂಗೈಗೆ ಹೊಂದಿಕೊಂಡಿದ್ದ ಹಳೆಯ ಮಡಚುವ ಚಾಕು. ಹೊಲದ ಬದುವಿನಲ್ಲಿ ಕೂತು ಸೌತೆಕಾಯಿಯನ್ನು ಉದ್ದುದ್ದ ಸೀಳಿ, ಮೊದಲ ಹೋಳನ್ನು ಅಲಗಿನ ತುದಿಯಲ್ಲೇ ಎತ್ತಿ ನನ್ನ ಮುಂದೆ ಹಿಡಿದು, "ತಗಳಿ ಭಾವ, ಕಹಿ ಇದ್ರೆ ನಂಗೆ ಬೈಬ್ಯಾಡಿ, ನಿಮ್ ಹೆಂಡ್ರಿಗೆ ಬೈರಿ. ಬಿತ್ತಿದ್ದು ಅವಳೇ" ಎಂದಿದ್ದರು. ಆವತ್ತಿನಿಂದ ನಾವು ನಗುವುದಕ್ಕೆ ಶುರುಮಾಡಿದೆವು.

ಆ ಚಾಕು ಅವರ ಕೈಯಲ್ಲಿ ಸುಮ್ಮನೆ ಇದ್ದದ್ದನ್ನು ನಾನು ನೋಡಿಲ್ಲ. ಬೇವಿನ ಕಡ್ಡಿ ಮುರಿಯುವುದಕ್ಕೆ, ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದಕ್ಕೆ, ಕಾಲಿಗೆ ಚುಚ್ಚಿದ ಜಾಲಿ ಮುಳ್ಳು ತೆಗೆಯುವುದಕ್ಕೆ, ಕೆಲಸವಿಲ್ಲದಾಗ ಉಗುರು ಕತ್ತರಿಸುವುದಕ್ಕೆ. ಬೆಳಿಗ್ಗೆ ಅಂಗಿ ತೊಟ್ಟರೆ ಚಾಕು ಜೇಬಿಗೆ, ಅಷ್ಟೇ.

ಎರಡು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಹೊಲದಲ್ಲಿ ನೀರು ಕಟ್ಟುತ್ತಿದ್ದವರು ಹಾಗೆಯೇ ಕುಸಿದರು. ಜೀವ ಉಳಿಯಿತು. ಮಾತು ಮೊದಲು ಪೂರ್ತಿ ತೊದಲಿ, ಆಮೇಲೆ ಹೆಚ್ಚುಕಡಿಮೆ ಸರಿಹೋಯಿತು. ಬಲಗಾಲು ಎಳೆದುಕೊಂಡು, ಕೋಲು ಹಿಡಿದು ಓಡಾಡುವಷ್ಟಾಯಿತು. ಬಲಗೈ ಮಾತ್ರ ಮೈಗೆ ಜೋತುಬಿದ್ದ ಟವೆಲ್ಲಿನ ಹಾಗೆ ಉಳಿದುಬಿಟ್ಟಿತು.

ಆಸ್ಪತ್ರೆಯಿಂದ ಮನೆಗೆ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ, ಅವರ ಹೆಂಡತಿ ಲಕ್ಷ್ಮಕ್ಕ ಮುದ್ದೆ ಮುರಿದು ಬಾಯಿಗಿಡುತ್ತಿದ್ದಾಗ, ಭಾವ ಮುಖ ತಿರುಗಿಸಿ, "ಇದಕ್ಕಿಂತ ಹೋಗೋದೇ ವಾಸಿ. ನಾನೇ ಹೋಯ್ತೀನಿ" ಎಂದರಂತೆ. ಕೋಪದಲ್ಲಿ ಅನ್ನಲಿಲ್ಲ, ಮೆಲ್ಲಗೆ, ಸಂತೆಗೆ ಹೋಗುತ್ತೇನೆ ಅಂದ ಹಾಗೆ ಅಂದರು, ಅದಕ್ಕೇ ಎದೆ ಒಡೆಯಿತು ಎಂದು ಲಕ್ಷ್ಮಕ್ಕ ಫೋನಿನಲ್ಲಿ ಸುಶೀಲಳ ಹತ್ತಿರ ಅತ್ತರು. ಅವತ್ತು ಸಂಜೆಯೇ ಮನೆಯ ಕುಡುಗೋಲು, ಸೊಪ್ಪು ಹೆಚ್ಚುವ ಕತ್ತಿ, ಹೊಲಕ್ಕೆ ಹೊಡೆಯುವ ಔಷಧಿ ಎಲ್ಲವೂ ಮಗನ ಕೋಣೆಗೆ ಹೋಗಿ ಬೀಗದೊಳಗೆ ಸೇರಿದವು. ಸವೆದ ಹಿಡಿಯ ಆ ಚಾಕನ್ನು ಲಕ್ಷ್ಮಕ್ಕ ಬಾವಿಗೆ ಹಾಕಿದರು.

ಯಾರೂ ಅವರಿಗೆ ಏನೂ ಹೇಳಲಿಲ್ಲ. ಅವರೂ ಏನೂ ಕೇಳಲಿಲ್ಲ. ನಾವು ಹೋದಾಗಲೆಲ್ಲ ಬಿ.ಪಿ. ಎಷ್ಟು, ಶುಗರ್ ಎಷ್ಟು, ನಿದ್ದೆ ಬಂತೇ, ಹೊಟ್ಟೆ ಸರಿಯಾಗಿದೆಯೇ ಎಂದು ವಿಚಾರಿಸಿ, ಸೇಬು ಇಟ್ಟು ಬರುತ್ತಿದ್ದೆವು. ಸೇಬನ್ನು ಒಳಗಿನಿಂದಲೇ ಹೆಚ್ಚಿ ತಂದುಕೊಡುತ್ತಿದ್ದರು.

ಹೋದ ವರ್ಷ ಬೇಸಿಗೆಯ ಕೊನೆಗೆ ಹೋಗಿದ್ದಾಗ, ಹೆಂಗಸರಿಬ್ಬರೂ ಹುಳುಮನೆಯಲ್ಲಿದ್ದ ಹೊತ್ತು ನೋಡಿ, ಭಾವ ನನ್ನನ್ನು ಹೊಂಗೆ ಮರದ ಕೆಳಗೆ ಕರೆದರು.

"ಭಾವ, ಒಂದು ಕೆಲಸ ಆಗ್ಬೇಕು. ಒಂದು ಮಡಚೋ ಚಾಕು ತಂದ್ಕೊಡ್ತೀರಾ? ಎಡಗೈಯಾಗೆ ತೆಗೆಯೋ ಅಂತದ್ದು."

ನಾನು ಅವರ ಮುಖ ನೋಡಿದೆ. ಅಲ್ಲಿ ಏನೂ ಸಿಗಲಿಲ್ಲ.

"ಆತ್ರಿ" ಎಂದೆ. ಯಾಕೆ ಅಂದೆನೋ ಇವತ್ತಿಗೂ ಗೊತ್ತಿಲ್ಲ. ಭಾವ ಎಂದೂ ಏನನ್ನೂ ನನ್ನಿಂದ ಬೇಡಿದವರಲ್ಲ. ಇಲ್ಲ ಅನ್ನುವುದಕ್ಕೆ ನಾಲಿಗೆ ಏಳಲಿಲ್ಲ. "ಯಾರಿಗೂ ಹೇಳ್ಬ್ಯಾಡಿ" ಎಂದೇನೂ ಅವರು ಅನ್ನಲಿಲ್ಲ. ಆದರೂ ವಾಪಸು ಬರುವಾಗ ಬಸ್ಸಿನಲ್ಲಿ ಸುಶೀಲ ಪಕ್ಕದಲ್ಲೇ ಇದ್ದರೂ ನಾನು ಬಾಯಿಬಿಡಲಿಲ್ಲ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸುವಾಗ ಅವಳು, "ಯಾಕ ಒಂಥರಾ ಅದೀರಿ?" ಎಂದಳು. ಬಿಸಿಲು ಎಂದೆ.

ರಾಯದುರ್ಗದ ಪೇಟೆಯಲ್ಲಿ ಒಂದು ಹಳೆಯ ಕಬ್ಬಿಣದ ಸಾಮಾನಿನ ಅಂಗಡಿ ಇದೆ. ಮೊಳೆ, ಚಿಲಕ, ಹಗ್ಗ, ಸಲಿಕೆ. ಆ ಅಂಗಡಿಯ ಶೆಟ್ಟರು ಒಂದು ಗಿರಾಕಿಗೆ ತೆಲುಗಿನಲ್ಲಿ ಬೆಲೆ ಹೇಳಿ, ಇನ್ನೊಂದಕ್ಕೆ ಕನ್ನಡದಲ್ಲಿ ಚಿಲ್ಲರೆ ಕೊಡುತ್ತ ಕೂತಿರುತ್ತಾರೆ. ವಾರವೆಲ್ಲ ಆ ಅಂಗಡಿಯ ಮುಂದೆ ಸುಮ್ಮನೆ ಅಡ್ಡಾಡಿ, ಕೊನೆಗೆ ಒಂದು ದಿನ ಮೆಟ್ಟಿಲು ಹತ್ತಿದೆ.

"ಮಡಚೋ ಚಾಕು ಅದಾವೇನ್ರಿ?"

"ಅದಾವ್ರಿ, ಬರ್ರಿ. ಯಾರಿಗೆ?"

"ನಮ್ಮ ಭಾವಗ."

ಅವರು ಒಂದು ಗೋಣಿ ತಾಟು ಹಾಸಿ ಅದರ ಮೇಲೆ ನಾಲ್ಕಾರು ಚಾಕು ಹರಡಿದರು. ನಾನು ಮರದ ಹಿಡಿಯದೊಂದನ್ನು ಎತ್ತಿಕೊಂಡು, ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ತುರುಕಿ, ಎಡಗೈಯಲ್ಲಿ ಬಿಚ್ಚಲು ನೋಡಿದೆ. ಅಲಗಿನ ಬೆನ್ನಿಗೆ ಉಗುರು ಸಿಕ್ಕಿಸಲು ಒಂದು ಸಣ್ಣ ಗೀರು ಇರುತ್ತದಲ್ಲ, ಅದನ್ನು ಹಿಡಿಯಬೇಕೆಂದರೆ ಇನ್ನೊಂದು ಕೈ ಬೇಕು. ಹಲ್ಲಿನಿಂದ ಎಳೆದೆ. ಶೆಟ್ಟರು ನೋಡುತ್ತಲೇ ಇದ್ದರು.

"ಬಲಗೈಗೆ ಏನಾಗೈತ್ರಿ?"

"ನನಗೇನೂ ಆಗಿಲ್ರಿ. ಅವರಿಗೆ ಲಕ್ವ ಹೊಡದೈತಿ."

ಶೆಟ್ಟರು ಹೂಂ ಅಂದು, ಮರದ ಹಿಡಿಯವನ್ನೆಲ್ಲ ಒಂದು ಬದಿಗೆ ಸರಿಸಿದರು. ಗಲ್ಲಾದ ಕೆಳಗಿನಿಂದ ಗುಂಡಿ ಒತ್ತಿದರೆ ಪಟ್ಟನೆ ಬಿಚ್ಚುವ ಒಂದನ್ನು ತೆಗೆದರು, ನಾನು ಕೈಚಾಚುವ ಮೊದಲೇ ಮತ್ತೆ ಅಲ್ಲೇ ಇಟ್ಟರು. "ಇದು ಬ್ಯಾಡ್ರಿ. ಕುಂತಾಗ ಜೇಬ್ನ್ಯಾಗ ಒತ್ತಿತು ಅಂದ್ರ ತೊಡಿಗೇ ಬರತೈತಿ. ಮ್ಯಾಲ ಪೊಲೀಸ್ನೋರ ಕಾಟ." ಇನ್ನೊಂದರಲ್ಲಿ ಅಲಗಿಗೆ ಹೆಬ್ಬೆರಳಿನಿಂದ ದೂಡಲು ಒಂದು ಪುಟ್ಟ ಗುಬುಟು ಇತ್ತು. ಬಲಗೈಯಲ್ಲಿ ಎಷ್ಟು ಚೆಂದ ಬಿಚ್ಚಿತು! ಎಡಗೈಗೆ ಬದಲಿಸಿದರೆ ಗುಬುಟು ಆಚೆ ಮಗ್ಗುಲಿಗೆ ಹೋಯಿತು. ಲೋಕದ ಸಾಮಾನುಗಳೆಲ್ಲ ಬಲಗೈಯವರ ಮನೆಯಲ್ಲೇ ಹುಟ್ಟಿವೆ ಅನ್ನುವುದು ನನಗೆ ಆವತ್ತಿನವರೆಗೆ ಹೊಳೆದಿರಲಿಲ್ಲ.

"ಎರಡೂ ಮಗ್ಗುಲಿಗೆ ಗುಬುಟು ಇರೋದು ಬರತಾವ್ರಿ. ಬಳ್ಳಾರಿಗೆ ಹೇಳಿ ತರಸ್ತೀನಿ. ಅವಸರ ಐತೇನ್ರಿ?" ಎಂದರು.

"ಇಲ್ರಿ, ಅವಸರ ಇಲ್ಲ" ಎಂದೆ. ಬಾರದೇ ಹೋದರೂ ಒಳ್ಳೆಯದೇ ಎಂದು ಒಳಗೊಳಗೇ ಅನ್ನಿಸಿತು.

ಬಂತು. ಕಪ್ಪು ಹಿಡಿ, ಒರಟಾಗಿ ಗೆರೆ ಕೊರೆದದ್ದು, ಒದ್ದೆ ಕೈಯಿಂದಲೂ ಜಾರುವುದಿಲ್ಲ. ಅಲಗು ನನ್ನ ಮಧ್ಯದ ಬೆರಳಿನಷ್ಟು ಉದ್ದ. ಹೆಬ್ಬೆರಳಿನಿಂದ ದೂಡಿದರೆ ತೆರೆದು ಟಕ್ಕೆಂದು ಕೂರುತ್ತದೆ. ಮುಚ್ಚಬೇಕೆಂದರೆ ಹಿಡಿಯ ಬೆನ್ನಿನಲ್ಲಿರುವ ಕೀಲನ್ನು ಅದೇ ಹೆಬ್ಬೆರಳಿನಿಂದ ಒತ್ತಿ, ಅಲಗಿನ ಮೊಂಡು ಬೆನ್ನನ್ನು ತೊಡೆಗೆ ಆನಿಸಿ ದೂಡಬೇಕು. ಶೆಟ್ಟರು ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ತೋರಿಸಿದರು. ನಾನು ಅದನ್ನು ಹಿಡಿದು ಬೆಳಕಿಗೆ ತಿರುಗಿಸಿದೆ. ಅಂಚು ಕಾಣಲೇ ಇಲ್ಲ, ಅಷ್ಟು ಹರಿತ.

"ಶೆಟ್ರೆ, ಇದ್ರಾಗ ಸ್ವಲ್ಪ ಮೊಂಡು ಇರೋದು ಸಿಗತೈತೇನ್ರಿ?"

ಅವರು ನಕ್ಕುಬಿಡುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ಮೊಂಡು ಚಾಕು ಕೈ ಕೊಯ್ಯೋದು ಜಾಸ್ತಿ ರಿ. ಜೋರು ಹಾಕ್ತೀವಿ, ಜಾರತೈತಿ" ಎಂದರು. ಆಮೇಲೆ ತಾಟಿನ ಮೇಲಿನ ಧೂಳು ಕೊಡವುತ್ತ, ನನ್ನ ಮುಖ ನೋಡದೆ, "ಕೊಡಾಕ ಭಯ ಇದ್ರ ಕೊಡಬ್ಯಾಡ್ರಿ. ಕೊಡೋದಾದ್ರ ಛಲೋದು ಕೊಡ್ರಿ" ಎಂದರು.

ಅಂಥವೇ ಎರಡು ಕೊಂಡೆ. ಒಂದು ಭಾವನಿಗೆ. ಇನ್ನೊಂದು ನನಗೆ, ಕಲಿಯುವುದಕ್ಕೆ. ನಾನು ಕಲಿಯದೆ ಅವರಿಗೆ ಹೇಗೆ ತೋರಿಸಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಕಲಿಯುತ್ತಿರುವಷ್ಟು ದಿನ ಕೊಡುವುದನ್ನು ಮುಂದೂಡಬಹುದಾಗಿತ್ತು.

ದಿನಾ ಕೆಲಸದಿಂದ ಬಂದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಬಲಗೈಯನ್ನು ಪಂಚೆಯ ನಡುವಿಗೆ ಸಿಕ್ಕಿಸಿ, ಎಡಗೈಯಲ್ಲಿ ಅಭ್ಯಾಸ ಮಾಡಿದೆ. ಚಾಕು ಬಿಚ್ಚುವುದು ಸುಲಭ. ಒಂದೇ ಕೈಯಲ್ಲಿ ಹೆಚ್ಚುವುದಿದೆಯಲ್ಲ, ಅದು ಬೇರೆಯೇ ವಿದ್ಯೆ. ಬದನೆಕಾಯಿ ಹಿಡಿಯುವವರಿಲ್ಲದೆ ಉರುಳಿ ಹೋಗುತ್ತದೆ. ಮೊಣಕಾಲಿನ ನಡುವೆ ಇಟ್ಟುಕೊಂಡರೆ ಪಂಚೆ ಹರಿಯುತ್ತದೆ. ಒಂದು ಸಂಜೆ ಬದನೆಕಾಯಿ ಒಂದು ಕಡೆ, ಅಲಗು ಒಂದು ಕಡೆ ಹೋಗಿ ಹೆಬ್ಬೆರಳು ಕೊಯ್ದುಕೊಂಡೆ. ಬೆರಳು ಚೀಪುತ್ತ ತಲೆಯೆತ್ತಿದರೆ ಹಿತ್ತಲ ಬಾಗಿಲಲ್ಲಿ ಸುಶೀಲ.

ನೋಡಿದವರಿಗೆ ಅದು ನಗುವ ದೃಶ್ಯವೇ. ಅವಳು ನಗಲಿಲ್ಲ. ನಡುವಿಗೆ ಸಿಕ್ಕಿಸಿದ ನನ್ನ ಬಲಗೈಯನ್ನು ನೋಡಿದಳು, ಚಾಕನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು.

"ಅವನು ಕೇಳಿದ್ನಾ?"

"ಹೂಂ."

ಸುಶೀಲ ರಾಯದುರ್ಗಕ್ಕೆ ಬಂದು ಎಷ್ಟೋ ಕಾಲವಾಗಿ, ನಮ್ಮ ಹಾಗೆಯೇ ಯಾಕ, ಏನ್ರಿ ಅನ್ನುತ್ತಾಳೆ. ಸಿಟ್ಟು ಬಂದಾಗ ಮಾತ್ರ ತವರಿನ ಮಾತು ಹೊರಡುತ್ತದೆ. "ಅವನು ಕೇಳ್ದ, ನೀವು ತಂದ್ರಿ. ನಡುವೆ ನಾನು ಒಬ್ಳು ಇದೀನಿ ಅನ್ನೋದು ಗೆಪ್ತಿಗೆ ಬರ್ಲಿಲ್ವಾ? ನಾಳೆ ಏನಾರ ಆದ್ರೆ ನಮ್ಮತ್ತಿಗೆ ಮುಖ ಎಂಗೆ ನೋಡಾನ?" ಎಂದಳು. ಅವಳು ಅರಿಸಿನ ತಂದು ಬೆರಳಿಗೆ ಒತ್ತಿ ಬಟ್ಟೆ ಸುತ್ತಿದಳು.

ಮರುದಿನ ಬೆಳಿಗ್ಗೆ ಕಾಫಿ ಲೋಟ ನನ್ನ ಮುಂದಿಟ್ಟು ಅಲ್ಲೇ ನಿಂತಳು.

"ಅವನನ್ನ ಯಾರಾದ್ರೂ ಕೇಳಿದಾರಾ?"

"ಏನಂತ?"

"ಇನ್ನೂ ಸಾಯ್ಬೇಕು ಅನ್ನಿಸ್ತೈತಾ ಅಂತ."

ನಾನು ನೆನಪಿಸಿಕೊಂಡು ನೋಡಿದೆ. ನಾನು ಕೇಳಿರಲಿಲ್ಲ. ಲಕ್ಷ್ಮಕ್ಕ ಕೇಳಿರಲಿಲ್ಲ, ಮಗ ಕೇಳಿರಲಿಲ್ಲ. ಕೇಳಿದರೆ ಆ ವಿಚಾರವನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ಎಲ್ಲರೂ ಹೆದರಿದ್ದೆವು. ಆ ಮನುಷ್ಯನ ಮುಂದೆ ಆ ಮಾತೊಂದನ್ನು ಬಿಟ್ಟು ಲೋಕದ ಮಾತೆಲ್ಲ ಆಡಿದ್ದೆವು.

ಆ ಭಾನುವಾರ ಹೋದೆವು. ಭಾವ ಹೊಂಗೆ ಮರದ ಕೆಳಗೆ ಹಗ್ಗದ ಮಂಚದ ಮೇಲೆ ಕೂತಿದ್ದರು. ನನ್ನ ಕೈಚೀಲವನ್ನು ಒಮ್ಮೆ ನೋಡಿದರು. ಸುಶೀಲ ಕಾಲು ತೊಳೆಯುವುದಕ್ಕೂ ಹೋಗದೆ ಅವರ ಪಕ್ಕ ಕೂತಳು. ಲಕ್ಷ್ಮಕ್ಕ ನೀರಿನ ಚೊಂಬು ಹಿಡಿದು ಬಾಗಿಲಿಗೆ ಬಂದಿದ್ದರು.

"ಅಣ್ಣ, ಒಂದು ಮಾತು ಕೇಳ್ತೀನಿ. ನೇರವಾಗಿ ಹೇಳ್ಬೇಕು. ನಿಂಗೆ ಇನ್ನೂ ಸಾಯ್ಬೇಕು ಅನ್ನಿಸ್ತೈತಾ?"

ಲಕ್ಷ್ಮಕ್ಕ ಬಾಗಿಲಲ್ಲೇ ನಿಂತುಬಿಟ್ಟರು. ಭಾವ ತಲೆಯೆತ್ತಿ ತಂಗಿಯನ್ನು ನೋಡಿದರು. ಅವರ ಕಣ್ಣು ತುಂಬಿತು, ಆದರೆ ಮುಖದಲ್ಲಿ ಏನೋ ಒಂದು ಸಡಿಲವಾಯಿತು. ಹೊತ್ತ ಮೂಟೆಯನ್ನು ಯಾರೋ ಬಂದು ಕೈಕೊಟ್ಟು ಇಳಿಸಿದ ಹಾಗೆ.

"ಆವತ್ತು ಅಂದಿದ್ದು ಸುಳ್ಳಲ್ಲ ಕಣಮ್ಮ" ಎಂದರು. ಉದ್ದನೆಯ ಮಾತಿಗೆ ಅವರ ನಾಲಿಗೆ ಈಗಲೂ ತಡೆಯುತ್ತದೆ, ನಿಂತು ನಿಂತು ಹೇಳಿದರು. "ಆಗ ದಿನಾ ಅನ್ನಿಸ್ತಿತ್ತು. ಈಗ ದಿನಾ ಇಲ್ಲ. ಯಾವಾಗಲೋ ಒಂದಿನ ಬತ್ತದೆ, ಒಂದೆರಡು ದಿನ ಇರ್ತದೆ, ಹೋಯ್ತದೆ. ಯಾರತ್ರ ಹೇಳಾನ? ಎಲ್ಲಾರೂ ಕತ್ತಿ ಬಚ್ಚಿಡೋದ್ರಾಗೇ ಅವ್ರೆ."

"ಮತ್ತೆ ಚಾಕು ಯಾಕೆ ಕೇಳ್ದೆ?"

"ಒಂದು ಸೌತೆಕಾಯಿ ಸೀಳಾಕೆ ಇವಳ್ನ ಕರೀಬೇಕು. ಒಂದು ದಾರ ಬಿಚ್ಚಾಕೆ ಮಗನ್ನ ಕರೀಬೇಕು. ಕರೆದ್ರೆ ಬತ್ತಾರೆ, ಒಂದು ದಿನಾನೂ ಮುಖ ಗಂಟಿಕ್ಕಿಲ್ಲ. ಅದೇ ಕಣಮ್ಮ ತಡ್ಕೊಳ್ಳಾಕೆ ಆಗಲ್ಲ. ಒಂದಾದ್ರೂ ಕೆಲಸ ನಾನೇ ಮಾಡ್ಕಂಬೇಕು."

ಲಕ್ಷ್ಮಕ್ಕ ಬಂದು ಚೊಂಬನ್ನು ನೆಲದ ಮೇಲಿಟ್ಟು, ಅಲ್ಲೇ ಕೂತರು. "ನಂಗೇ ಹೇಳ್ಬೋದಾಗಿತ್ತು" ಎಂದರು.

"ಹೇಳಿದ್ರೆ ಇನ್ನೊಂದು ಬೀಗ ತರ್ತಿದ್ದೆ ನೀನು."

ಲಕ್ಷ್ಮಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದರು. ನಾನು ಚೀಲದೊಳಗಿನ ಚಾಕಿನ ಡಬ್ಬಿಯನ್ನು ಹೊರಗೆ ತೆಗೆಯಲೂ ಆರದೆ, ಬಿಡಲೂ ಆರದೆ, ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ.

ಕೊನೆಗೆ ಲಕ್ಷ್ಮಕ್ಕನ ಕಡೆ ತಿರುಗಿ ದಾರಿ ಹೇಳಿದವರು ಭಾವನೇ. "ಇಂಗೆ ಮಾಡಾನ. ಚಾಕು ನನ್ನತ್ರ ಇರ್ಲಿ. ಆ ಯೋಚ್ನೆ ಬಂದ ದಿನ ನಾನೇ ತಂದು ನಿನ್ನ ಕೈಗೆ ಕೊಡ್ತೀನಿ. ಭಾವಂಗೂ ಫೋನ್ ಮಾಡಿ ಹೇಳ್ತೀನಿ. ಮತ್ತೆ ನೀನು ಕೊಟ್ರೇನೇ ಇಸ್ಕಂಬೋದು."

"ಕೊಡ್ತೀಯ ಅಂತ ಎಂಗೆ ನಂಬೋದು?" ಎಂದು ಲಕ್ಷ್ಮಕ್ಕ ಕೇಳಿದರು.

"ನಂಬಬ್ಯಾಡ. ನೋಡ್ತಾ ಇರು."

ಸುಶೀಲ ಒಂದು ಷರತ್ತು ಸೇರಿಸಿದಳು. ಈ ಮಾತನ್ನೆಲ್ಲ ಡಾಕ್ಟರಿಗೆ ಹೇಳಬೇಕು, ತಾನೂ ಜೊತೆಗೆ ಬರುತ್ತೇನೆ ಎಂದಳು. ಭಾವ ಒಪ್ಪಿದರು. ಮರುದಿನವೇ ಮಡಕಶಿರಾಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಸಮಾಧಾನವಾಗಿ ಕೇಳಿಸಿಕೊಂಡು, ಲಕ್ವ ಆದವರಲ್ಲಿ ಇದು ಬರುವುದು ಉಂಟು, ಇದಕ್ಕೂ ಔಷಧಿ ಇದೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರು. ಯಾಕೆಂದರೆ ಯಾರೂ ಕೇಳಲಿಲ್ಲ.

ಅವರ ಅಂಗಿಗಳಿಗೆ ಜೇಬು ಇದ್ದದ್ದು ಎಡ ಎದೆಯ ಮೇಲೆ. ಎಡಗೈಯನ್ನು ಎಡ ಎದೆಯ ಜೇಬಿಗೆ ಹಾಕಿ ನೋಡಿ, ಎಷ್ಟು ಕಷ್ಟ ಅನ್ನುವುದು ಗೊತ್ತಾಗುತ್ತದೆ. ಅಂಗಿಗಳನ್ನೆಲ್ಲ ರಾಯದುರ್ಗಕ್ಕೆ ತಂದು, ನಮ್ಮ ಯೂನಿಟ್ಟಿನ ಹೆಣ್ಣುಮಗಳೊಬ್ಬಳ ಹತ್ತಿರ ಎಡ ಸೊಂಟದ ಹತ್ತಿರ ಜೀನ್ಸ್ ಬಟ್ಟೆಯ ಜೇಬು ಹೊಲಿಸಿದೆ. ಬಿಳಿ ಅಂಗಿಗೆ ನೀಲಿ ಜೇಬು. ಅವಳು ಜೀನ್ಸಿನ ಅಭ್ಯಾಸಬಲದಿಂದ ಕೇಸರಿ ದಾರದಲ್ಲಿ ಎರಡು ಹೊಲಿಗೆ ಹಾಕಿ, ಮೂಲೆಗೆ ತಾಮ್ರದ ಗುಂಡಿಯನ್ನೂ ಬಡಿದುಬಿಟ್ಟಿದ್ದಳು. ಭಾವ ಅದನ್ನು ತೊಟ್ಟು ನೋಡಿಕೊಂಡು, "ಅಳಿಯ ನಾನೋ ನೀವೋ ಭಾವ?" ಎಂದರು. ಎಷ್ಟೋ ತಿಂಗಳ ಮೇಲೆ ಲಕ್ಷ್ಮಕ್ಕ ನಕ್ಕದ್ದನ್ನು ಅವತ್ತು ನೋಡಿದೆ.

ಎಡಗೈ ವಿದ್ಯೆಯನ್ನು ನಾನು ಕಲಿಸುತ್ತೇನೆಂದು ಹೋಗಿದ್ದೆನಲ್ಲ, ಅವರು ನನಗಿಂತ ಬೇಗ ಕಲಿತರು. ಕಲಿಯಲು ಕೊಂಡ ನನ್ನ ಚಾಕು ಮಾತ್ರ ಅಂದಿನಿಂದ ನನ್ನ ಜೇಬಿನಲ್ಲೇ ಉಳಿಯಿತು. ಮಗನಿಂದ ಒಂದು ಹಲಗೆಗೆ ಎರಡು ಮೊಳೆ ಹೊಡೆಸಿಕೊಂಡರು. ಕಾಯನ್ನು ಮೊಳೆಗೆ ಚುಚ್ಚಿಟ್ಟರೆ ಉರುಳುವುದಿಲ್ಲ. ಮೊದಮೊದಲು ಹೋಳುಗಳು ಒಂದು ದಪ್ಪ, ಒಂದು ತೆಳು, ಒಂದು ನೆಲಕ್ಕೆ. ಆಮೇಲೆ ಹುಳುವಿಗೆ ಹಾಕುವ ಸೊಪ್ಪಿನ ಕಂತೆಯ ದಾರ ಕೊಯ್ಯುವುದು ತಮ್ಮ ಕೆಲಸ ಅಂತ ಮಾಡಿಕೊಂಡರು. ಮಗ ಕಂತೆ ತಂದು ಅವರ ಮುಂದೆ ಹಾಕುತ್ತಾನೆ, ಅವರು ದಾರ ಕೊಯ್ದು ಕೊಯ್ದು ಬಿಡುತ್ತಾರೆ. ಬಾಯಿಗೆ ತುತ್ತಿಡುವುದಕ್ಕೂ ಯಾರನ್ನೂ ಬಿಡಲಿಲ್ಲ. ಲಕ್ಷ್ಮಕ್ಕ ಕತ್ತಿ ಕುಡುಗೋಲುಗಳ ಬೀಗವನ್ನು ಮಾತ್ರ ತೆಗೆಯಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

ಈ ಸಲ ಕಡಲೆಕಾಯಿ ಕೀಳುವ ಹೊತ್ತಿಗೆ, ಒಂದು ಮಧ್ಯಾಹ್ನ ಯೂನಿಟ್ಟಿನಲ್ಲಿದ್ದಾಗ ಫೋನು ಬಂತು. ಹೊಲಿಗೆ ಮಿಷನ್ನುಗಳ ಸದ್ದಿನಲ್ಲಿ ಏನೂ ಕೇಳಲಿಲ್ಲ. ಹೊರಗೆ ಬೀದಿಗೆ ಬಂದು, "ಏನ್ರಿ ಭಾವ?" ಎಂದೆ.

"ಕೊಟ್ಬಿಟ್ಟೆ ಭಾವ. ಇವಳ ಕೈಗೆ. ಈಗ."

"ನಾವು ಬರ್ತೀವ್ರಿ" ಎಂದೆ. ಬೇರೆ ದಿನವಾಗಿದ್ದರೆ, ಅಷ್ಟು ದೂರದಿಂದ ಯಾಕೆ ಎಂದು ತಡೆಯುತ್ತಿದ್ದರು. ಅವತ್ತು, "ಬನ್ನಿ" ಎಂದರು.

ಹೊತ್ತು ಮುಳುಗುವುದರೊಳಗೆ ಹೋಗಿ ಸೇರಿದೆವು. ಭಾವ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಲಕ್ಷ್ಮಕ್ಕ ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಅವರ ಸೆರಗಿನ ತುದಿಯಲ್ಲಿ ಚಾಕು ಗಂಟು ಬಿದ್ದಿತ್ತು. ನಾವು ಬುದ್ಧಿಮಾತು ಹೇಳಲಿಲ್ಲ. ಸುಶೀಲ ಅಣ್ಣನ ಕಾಲ ಹತ್ತಿರ ಕೂತು ತಾನೂ ಸುಲಿಯತೊಡಗಿದಳು. ನಾನೂ ಕೂತೆ. ಭಾವ ಗೋಡೆಯ ಕಡೆಗೇ ಇದ್ದು, "ಯಾಕೆ ಅಂತ ಕೇಳ್ಬ್ಯಾಡಿ. ಯಾಕೂ ಇಲ್ಲ" ಎಂದರು. ಆಗಲಿ ಎಂದೆವು.

ಮರುದಿನ ಡಾಕ್ಟರ ಹತ್ತಿರ ಹೋಗಿ ಬಂದೆವು, ಔಷಧಿ ಬದಲಾಯಿಸಿದರು. ನಾನು ರಜೆ ಹಾಕಿ ಅಲ್ಲೇ ಉಳಿದೆ. ಅವರು ಒಂದೆರಡು ದಿನ ಊಟ ಮುಟ್ಟಿ ಬಿಟ್ಟರು, ಮಾತಿಲ್ಲ. ಆಮೇಲೆ ಒಂದು ಬೆಳಿಗ್ಗೆ ಎದ್ದು ತಾವೇ ಅಂಗಳಕ್ಕೆ ಬಂದು ಕೂತರು. ಲಕ್ಷ್ಮಕ್ಕನ ಕಡೆಗೆ ಎಡಗೈ ಚಾಚಿದರು.

"ಕೊಡು."

ಲಕ್ಷ್ಮಕ್ಕ ಗಂಟಿನ ಮೇಲೆ ಕೈಯಿಟ್ಟುಕೊಂಡರು. "ಇವತ್ತು ಎಂಗೈತೆ?"

"ಪರ್ವಾಗಿಲ್ಲ."

"ಪರ್ವಾಗಿಲ್ಲ ಅಂದ್ರೆ?"

ಭಾವ ಮುಖ ಆಚೆಗೆ ತಿರುಗಿಸಿದರು. "ಅಂಗಾದ್ರೆ ನಾಳೆ ಕೇಳು" ಎಂದರು ಲಕ್ಷ್ಮಕ್ಕ. ಭಾವನಿಗೆ ಸಿಟ್ಟು ಬರುತ್ತದೇನೋ ಎಂದುಕೊಂಡೆ. ಅವರು ಸುಮ್ಮನೆ ತಲೆಯಾಡಿಸಿ ಕೈ ಹಿಂದಕ್ಕೆ ತೆಗೆದುಕೊಂಡರು.

ಮಾರನೆಯ ದಿನ ಬಿಸಿಲು ಏರುವ ಹೊತ್ತಿಗೆ ಮಗ ತೋಟದಿಂದ ಸೀಬೆಕಾಯಿ ತಂದು ಅಂಗಳದಲ್ಲಿ ಸುರಿದ. ಭಾವ ಮಂಚದಿಂದ ಬಗ್ಗಿ ಒಂದನ್ನು ಎತ್ತಿಕೊಂಡು, ಮೂಸಿ ನೋಡಿದರು.

"ಲಕ್ಷ್ಮೀ, ಇವತ್ತು ಕೊಡ್ತೀಯ?"

"ಎಂಗೈತೆ?"

"ಸೀಬೆಕಾಯಿ ತಿನ್ಬೇಕು ಅನ್ನಿಸ್ತೈತೆ. ಉಪ್ಪು ಖಾರ ಹಾಕ್ಕಂಡು."

ಲಕ್ಷ್ಮಕ್ಕ ಅವರ ಮುಖವನ್ನು ನೋಡಿದರು. ಮುಖದ ಒಂದು ಮಗ್ಗುಲು ಇನ್ನೂ ಸ್ವಲ್ಪ ಜೋತಿದೆ, ಆದರೂ ಅದನ್ನು ಓದುವುದು ಅವರಿಗೆ ಗೊತ್ತು. ಆಮೇಲೆ ಸೆರಗಿನ ಗಂಟು ಬಿಚ್ಚಿದರು. ಬಿಗಿದುಹೋಗಿತ್ತು, ಹಲ್ಲಿನಿಂದ ಕಚ್ಚಿ ಸಡಿಲಿಸಿದರು. ಚಾಕನ್ನು ಅವರ ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ಅದರ ಮೇಲೆ ಮಡಚಿ, ಒಂದು ಕ್ಷಣ ತಮ್ಮ ಕೈಯನ್ನು ಹಾಗೆಯೇ ಇಟ್ಟುಕೊಂಡಿದ್ದರು. "ಉಪ್ಪು ತತ್ತೀನಿ" ಎಂದು ಎದ್ದು ಒಳಗೆ ಹೋದರು.

ಒಳಗಿನಿಂದ ಡಬ್ಬಿಗಳನ್ನು ಸರಿಸುವ ಸದ್ದು ಬರುತ್ತಿತ್ತು. ಭಾವ ಹೆಬ್ಬೆರಳಿನಿಂದ ಅಲಗನ್ನು ದೂಡಿದರು. ಅದು ಟಕ್ಕೆಂದು ಕೂತಿತು. ಒಳಗಿನ ಸದ್ದು ನಿಂತಿತು. ನಾನೂ ಸುಶೀಲಳೂ ಒಬ್ಬರ ಮುಖ ಒಬ್ಬರು ನೋಡಿದೆವು. ಭಾವ ಸೀಬೆಕಾಯಿಯನ್ನು ಹಲಗೆಯ ಮೊಳೆಗೆ ಚುಚ್ಚಿ, ನಡುವಿಗೆ ಅಲಗನ್ನು ಇಟ್ಟರು. ಒಳಗೆ ಮತ್ತೆ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.